‘ಇರಬಹುದು’ ಎಂಬ ಮಾತಿನ ಮರೆ

ಅಧ್ಯಯನ ಕೇಂದ್ರದ ಕಪಾಟಿನಲ್ಲಿ ನನ್ನ ಅಸೈನ್‌ಮೆಂಟನ್ನು ಹುಡುಕಿ ತೆಗೆದುಕೊಟ್ಟ ಜವಾನ, ‘ನಿಮ್ಮದು ಬಾಳ ಕೆಂಪಾಗೇತ್ರಿ ಬಾಯಾರ’ ಎಂದು ನಕ್ಕ. ಮನೆಗೆ ಬಂದು ಬುರ್ಖಾ ತೆಗೆಯುವ ಮೊದಲೇ ಹಾಳೆಗಳನ್ನು ತಿರುವಿದೆ. ಅವನು ಹೇಳಿದ್ದು ಸುಳ್ಳಲ್ಲ. ಹನ್ನೆರಡು ಪುಟದ ಬರಹದಲ್ಲಿ ಹದಿನಾಲ್ಕು ಕಡೆ ಕೆಂಪು ಶಾಯಿಯ ಸುತ್ತು ಬಿದ್ದಿತ್ತು. ಎಲ್ಲವೂ ಒಂದೇ ಮಾತಿಗೆ: ‘ಇರಬಹುದು’. ಕೊನೆಯ ಪುಟದ ಅಂಚಿನಲ್ಲಿ, ‘ಇಷ್ಟೊಂದು ಇರಬಹುದು! ಎಲ್ಲವೂ ಒಂದೇ ಕಡೆಗೆ ವಾಲಿವೆಯಲ್ಲ, ಏಕೆ?’ ಎಂದು ಬರೆದಿದ್ದರು. ಅಂಕಗಳೇನೂ ಕಡಿಮೆ ಬಂದಿರಲಿಲ್ಲ. ಆದರೂ ಆ ರಾತ್ರಿ ರೊಟ್ಟಿ ಬಡಿಯುವಾಗ ಮನಸ್ಸು ಎಲ್ಲೋ ಇದ್ದು ಕೈ ಹಂಚಿಗೆ ತಾಗಿತು.

ನಾನು ಕಥೆ ಬರೆಯುವವಳು. ಕಥೆಗಾರರಿಗೆ ‘ಇರಬಹುದು’ ಎಂಬುದೇ ಬಂಡವಾಳ. ಬಾವಿಯ ಕಟ್ಟೆಯ ಮೇಲೆ ಒಂಟಿ ಚಪ್ಪಲಿ ಕಂಡರೆ ಸಾಕು, ಯಾರದಿರಬಹುದು, ಏಕೆ ಬಿಟ್ಟು ಹೋಗಿರಬಹುದು ಎಂದು ಹೊರಟು ಹತ್ತು ಪುಟ ಬರೆದುಬಿಡುತ್ತೇವೆ. ಯಾರೂ ಸಾಕ್ಷಿ ಕೇಳುವುದಿಲ್ಲ. ಹಾಗೆ ಬರೆದ ಕಥೆಯೊಂದೇ ನನ್ನನ್ನು ಇತಿಹಾಸದ ಓದಿಗೆ ಎಳೆದು ತಂದದ್ದು. ಬಹಮನಿ ಸುಲ್ತಾನರ ಮೊದಲ ದಿನಗಳ ಒಬ್ಬ ದಾಸಿಯ ಕಥೆ ಅದು. ಅವಳನ್ನು ಒರಳಿನ ಮುಂದೆ ಕೂರಿಸಿ ಕೆಂಪು ಮೆಣಸಿನಕಾಯಿ ಕುಟ್ಟಿಸಿದ್ದೆ. ಅವಳ ಕಣ್ಣೀರು ಖಾರದ್ದೋ ದುಃಖದ್ದೋ ಯಾರಿಗೂ ತಿಳಿಯದು ಎಂಬುದೇ ಆ ಕಥೆಯ ಜೀವ. ಅಚ್ಚಾದ ಮೇಲೆ ಓದುಗರೊಬ್ಬರು ಕಾರ್ಡು ಬರೆದರು. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಮೆಣಸಿನಕಾಯಿ ಅಮೆರಿಕದ ಬೆಳೆ, ಪೋರ್ಚುಗೀಸರು ಬಂದ ಮೇಲಷ್ಟೇ, ಅಂದರೆ 1500ರ ಸುಮಾರಿನಿಂದ ಈಚೆಗೆ, ಅದು ನಮ್ಮ ಕರಾವಳಿಗೆ ಇಳಿಯಿತು. ನಿಮ್ಮ ದಾಸಿ ನೂರಾರು ವರ್ಷ ಮೊದಲೇ ಅಳತೊಡಗಿದ್ದಾಳೆ ಎಂದು. ಆ ಕಾರ್ಡನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಕಥೆಯನ್ನು ಮಾತ್ರ ಸಂಕಲನಕ್ಕೆ ಸೇರಿಸಲಿಲ್ಲ.

ಆಗ ನನಗೆ ಮೂವತ್ತೊಂಬತ್ತು. ಮಕ್ಕಳಿಬ್ಬರೂ ಹೈಸ್ಕೂಲು ಮುಟ್ಟಿದ್ದರು. ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಮಾಧ್ಯಮ, ಮದುವೆಗೆ ಮೊದಲು ಹೇಗೋ ಮುಗಿದ ಬಿ.ಎ. – ಇಷ್ಟು ನನ್ನ ವಿದ್ಯೆ. ಮತ್ತೆ ಕಾಲೇಜಿನ ಬೆಂಚಿಗೆ ಹೋಗಿ ಕೂರುವುದು ಆಗದ ಮಾತು. 2018ರಲ್ಲಿ ದೂರಶಿಕ್ಷಣದ ಎಂ.ಎ. ಇತಿಹಾಸಕ್ಕೆ ಹೆಸರು ಹಚ್ಚಿದೆ. ಪುರಾತತ್ವವೂ ಅದರೊಳಗಿನ ಪಾಠ. ‘ಇದನ್ನು ಓದಿದರೆ ನೌಕರಿ ಸಿಗುತ್ತದೆಯೇ?’ ಎಂದು ಮನೆಯವರು ಕೇಳಿದರು. ಇಲ್ಲ ಎಂದೆ. ‘ಹಾಗಾದರೆ ಓದು’ ಎಂದರು. ಅವರ ಈ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ, ಆದರೆ ಉಪಕಾರವಾಯಿತು.

ಮನೆಯಲ್ಲಿ ಕುಳಿತು ಓದಿದ ಪದವಿ ಎಂದರೆ ಮೂಗು ಮುರಿಯುವವರು ಈಗಲೂ ಇದ್ದಾರೆ. ಆದರೆ ಈ ದಾರಿ ನಿನ್ನೆ ಮೊನ್ನೆಯದಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲೇ ಅಂಚೆಯ ಮೂಲಕ ಪಾಠ ಕಳಿಸತೊಡಗಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಅದಕ್ಕೂ ಮುಂಚೆ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಬಂದಿತ್ತು. 1998ರಲ್ಲಿ ಹೈದರಾಬಾದಿನಲ್ಲಿ ಮೌಲಾನಾ ಆಜಾದರ ಹೆಸರಿನ ಉರ್ದು ವಿಶ್ವವಿದ್ಯಾಲಯ ಹುಟ್ಟಿದಾಗ ಉರ್ದುವಿನಲ್ಲೇ ದೂರದಿಂದ ಓದುವುದಕ್ಕೂ ಬಾಗಿಲು ತೆರೆಯಿತು. ಹತ್ತನೆಯ ಇಯತ್ತೆ ಮುಗಿದ ಕೂಡಲೇ ಚೀಲ ಮೂಲೆಗಿಡುವ ನಮ್ಮ ಓಣಿಗಳ ಎಷ್ಟು ಹೆಣ್ಣುಮಕ್ಕಳಿಗೆ ಈ ದಾರಿಯೊಂದೇ ದಾರಿಯಾಗಿದೆ ಎಂಬುದನ್ನು ಮೂಗು ಮುರಿಯುವವರು ಎಣಿಸುವುದಿಲ್ಲ. 2020ರ ಮಾರ್ಚಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಕ್ಕಳೆಲ್ಲ ಮೊಬೈಲು ಹಿಡಿದು ಗೋಡೆಗೆ ಆನಿಸಿ ಕುಳಿತಾಗ ನನಗೆ ಒಳಗೊಳಗೇ ನಗು ಬಂದಿತ್ತು. ಎರಡು ವರ್ಷದಿಂದ ನಾನು ಹಾಗೆಯೇ ಕುಳಿತಿದ್ದೆ.

ಇತಿಹಾಸವನ್ನು ಮನೆಯಲ್ಲಿ ಓದಬಹುದು. ಪುರಾತತ್ವವನ್ನು? ಅಗೆಯುವ ವಿದ್ಯೆಯನ್ನು ಅಡುಗೆಮನೆಯಲ್ಲಿ ಕಲಿಯುವುದು ಹೇಗೆ? ಮೊದಲಿಗೆ ನನಗೂ ಇದು ಈಜುವುದನ್ನು ಪುಸ್ತಕದಲ್ಲಿ ಕಲಿತಂತೆ ಎನಿಸಿತ್ತು. ಪಾಠದಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಬಂತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಪದರ ಪದರವಾಗಿ ನೆಲ ಬಿಡಿಸಿದ. ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಕಬ್ಬಿಣದ ಕಾಲದವರು, ಅದಕ್ಕೂ ಮೇಲೆ ಸಾತವಾಹನರ ಕಾಲದವರು. ತಮಿಳು ಕರಾವಳಿಯ ಅರಿಕಮೇಡುವಿನಲ್ಲಿ ರೋಮಿನ ಮಡಕೆಗಳ ಜೊತೆ ಸಿಕ್ಕಿದ್ದಂಥ ಮಡಕೆಯ ಚೂರುಗಳು ಇಲ್ಲಿಯೂ ಸಿಕ್ಕಿದ್ದರಿಂದ ಆ ಪದರಕ್ಕೊಂದು ಕಾಲ ಗೊತ್ತಾಯಿತು. ಅದನ್ನು ಹಿಡಿದು ಕೆಳಗಿನವುಗಳ ಕಾಲವನ್ನು ಲೆಕ್ಕ ಹಾಕಿದರು. ಇದನ್ನು ನಾಲ್ಕು ಸಲ ಓದಿದರೂ ತಲೆಗೆ ಹತ್ತಲಿಲ್ಲ. ಆ ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಸುಣ್ಣದ ಹಕ್ಕಳೆ ಎದ್ದಿತು. ಮಗಳು ಹಳೆಯ ಎಂಟಾಣೆಯಿಂದ ಅದನ್ನು ಕೆರೆಯುತ್ತ ಕುಳಿತಳು. ಮೇಲೆ ಗುಲಾಬಿ ಡಿಸ್ಟೆಂಪರು, ಅದರಡಿ ಹಸಿರು, ಆಮೇಲೆ ನೀಲಿ ಕಲೆಸಿದ ಸುಣ್ಣ, ಅದರಡಿ ಬಿಳಿ ಸುಣ್ಣ, ಅದರಡಿ ಕರ್ರಗಿನ ಮಸಿ, ಕೊನೆಗೆ ಮಣ್ಣು. ‘ಅಮ್ಮೀ, ಇಲ್ಲಿ ಒಲೆ ಇತ್ತಾ?’ ಎಂದಳು. ನಮ್ಮ ಅತ್ತೆ ಒಳಗಿನಿಂದಲೇ, ‘ಆ ಮೂಲೆಯಲ್ಲಿ ಎಂದೂ ಒಲೆ ಇರಲಿಲ್ಲ, ಈ ಮನೆಗೆ ಬಂದು ಐವತ್ತು ವರ್ಷವಾಯಿತು, ನನಗೆ ಗೊತ್ತಿಲ್ಲವೇ?’ ಎಂದರು. ಗೋಡೆ ಮಾತ್ರ ಇತ್ತು ಎನ್ನುತ್ತಿತ್ತು. ಅತ್ತೆ ಸುಳ್ಳು ಹೇಳುವವರಲ್ಲ. ಮಸಿಯ ಮೇಲೆ ಬಿಳಿ ಸುಣ್ಣ ಬಿದ್ದದ್ದು ಅವರು ಈ ಮನೆಗೆ ಕಾಲಿಡುವುದಕ್ಕೆ ಮೊದಲು, ಅಷ್ಟೇ. ಬ್ರಹ್ಮಗಿರಿ ಆ ದಿನ ನನಗೆ ಅರ್ಥವಾಯಿತು.

ಮನೆಯ ಗೋಡೆಯಲ್ಲಿ ಕಲಿತದ್ದೆಂದು ಗುದ್ದಲಿ ಹಿಡಿದು ಹೊರಡುವಂತಿಲ್ಲ. ಸಂರಕ್ಷಿತ ನೆಲೆಯಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು 1958ರ ಕಾಯ್ದೆಯ ಪ್ರಕಾರ ಅಪರಾಧ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಕಲೆಕ್ಟರರಿಗೆ ತಿಳಿಸಬೇಕೆಂಬ 1878ರ ಕಾಯ್ದೆಯೂ ಇದೆ. ನಮ್ಮ ಕಡೆ ಹಾಳು ಗುಡಿ, ಹಳೆಯ ದರ್ಗಾಗಳ ಹಿಂದೆ ಅಮಾವಾಸ್ಯೆಯ ರಾತ್ರಿ ಗುಂಡಿ ತೋಡುವವರಿಗೆ ಈ ಯಾವ ಕಾಯ್ದೆಯೂ ಗೊತ್ತಿಲ್ಲ. ಅವರು ಕದಿಯುವುದು ಚಿನ್ನವನ್ನಷ್ಟೇ ಅಲ್ಲ. ಒಂದು ವಸ್ತು ಎಲ್ಲಿ, ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದು ಹೋದರೆ ಅದರ ಮಾತೇ ಹೋಯಿತು. ನಮ್ಮಲ್ಲಿ ಹದೀಸಿನ ವಿದ್ವಾಂಸರು ಒಂದು ಮಾತನ್ನು ಕೇಳಿದ ಕೂಡಲೇ ಒಪ್ಪುತ್ತಿರಲಿಲ್ಲ. ನೀನು ಇದನ್ನು ಯಾರಿಂದ ಕೇಳಿದೆ, ಅವನು ಯಾರಿಂದ ಕೇಳಿದ, ಅವರಿಬ್ಬರೂ ಭೇಟಿಯಾಗಿದ್ದುದು ನಿಜವೇ ಎಂದು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. ಅದಕ್ಕೆ ಸನದು ಎನ್ನುತ್ತಾರೆ. ಚಿಕ್ಕಂದಿನಲ್ಲಿ ಉರ್ದು ಶಾಲೆಯ ಉಸ್ತಾದರಿಂದ ಕೇಳಿದ್ದ ಈ ಸಂಗತಿ ನಲವತ್ತರ ಹೊಸ್ತಿಲಲ್ಲಿ ಪುರಾತತ್ವದ ಪಾಠ ಓದುವಾಗ ಮರಳಿ ಬಂತು. ಎಲ್ಲಿಂದ ಬಂತೆಂದು ತಿಳಿಯದ ಮೂರ್ತಿ ಸನದಿಲ್ಲದ ಮಾತಿನ ಹಾಗೆ. ಎಷ್ಟೇ ಚೆಂದವಿರಲಿ, ಅದರ ಮೇಲೆ ಭಾರ ಹಾಕಬಾರದು.

ಮನೆಯಲ್ಲಿ ಓದುವವರಿಗೆ ಬೇರೊಂದು ಪರೀಕ್ಷೆ ಇದೆ. ನಮ್ಮನ್ನು ನೋಡುವವರು ಯಾರೂ ಇಲ್ಲ. ಅಸೈನ್‌ಮೆಂಟಿಗೆ ನೂರಕ್ಕೆ ಮೂವತ್ತು ಅಂಕ. ಬಸ್‌ಸ್ಟ್ಯಾಂಡಿನ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಆ ವರ್ಷದ ಎಲ್ಲ ಪ್ರಶ್ನೆಗಳಿಗೂ ಉತ್ತರ ಬರೆದಿಟ್ಟ ಕಟ್ಟುಗಳು ಸಿಗುತ್ತವೆ. ‘ಯಾಕ ತ್ರಾಸ ತಗೋತೀರಿ ಮೇಡಂ, ರೆಡಿ ಅದಾವು, ನಿಮ್ಮ ಅಕ್ಷರದಾಗ ಇಳಿಸಿ ಕೊಡ್ರಿ, ಮುಗೀತು’ ಎಂದು ಅಂಗಡಿಯವನು ಕಾಳಜಿಯಿಂದಲೇ ಹೇಳಿದ್ದ. ಕೊಳ್ಳಲಿಲ್ಲ. ಅದಕ್ಕಾಗಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಬೇರೆಯವರ ಉತ್ತರವನ್ನು ಕದಿಯುವುದೊಂದೇ ಕಳ್ಳತನವೆಂದು ಆಗ ನಂಬಿದ್ದೆ.

ಅಸೈನ್‌ಮೆಂಟಿನ ವಿಷಯ, ನಿಮ್ಮ ಊರಿನ ಒಂದು ಸ್ಮಾರಕದ ಬಗ್ಗೆ ಆಧಾರಸಹಿತ ಬರೆಯಿರಿ ಎಂದಿತ್ತು. ವಿಜಯಪುರದಲ್ಲಿ ಇದ್ದವರಿಗೆ ಸ್ಮಾರಕಕ್ಕೆ ಬರವೇ? ಗೋಳಗುಮ್ಮಟ, ಇಬ್ರಾಹಿಂ ರೋಜಾಗಳ ಮೇಲೆ ಎಲ್ಲರೂ ಬರೆಯುತ್ತಾರೆ. ನಾನು ಅರಕಿಲ್ಲೆಯೊಳಗಿನ ಕರೀಮುದ್ದೀನ್ ಮಸೀದಿಯನ್ನು ಆರಿಸಿಕೊಂಡೆ. ಉರ್ದು ಶಾಲೆಗೆ ಹೋಗುವ ದಾರಿಯಲ್ಲಿ ದಿನವೂ ಕಾಣುತ್ತಿದ್ದ ಕಟ್ಟಡ. ಆದಿಲಶಾಹಿಗಳು ಈ ಊರಿಗೆ ಬರುವುದಕ್ಕೆ ನೂರೆಪ್ಪತ್ತು ವರ್ಷ ಮೊದಲಿನದು. ಅದಕ್ಕೆ ಗುಮ್ಮಟವಿಲ್ಲ, ಮಿನಾರುಗಳ ಬೆಡಗಿಲ್ಲ. ಒಳಗೆ ಸಾಲು ಸಾಲು ಕಲ್ಲಿನ ಕಂಬ. ಅವುಗಳ ಸಂದಿನಲ್ಲಿ ನಾವು ಹುಡುಗಿಯರು ಕಣ್ಣುಮುಚ್ಚಾಲೆ ಆಡಿದ್ದುಂಟು. ಆ ಕಂಬಗಳು ಗುಡಿಗಳವು ಎಂಬುದು ಆಟ ಆಡುವ ಮಕ್ಕಳಿಗೂ ಕಾಣುವಂತಿತ್ತು. ನಮಗದು ಸಮಸ್ಯೆಯಾಗಿರಲಿಲ್ಲ; ಕಂಬವೆಂದರೆ ಅಡಗಿಕೊಳ್ಳುವ ಜಾಗ. ದೊಡ್ಡವಳಾದ ಮೇಲೂ ನಾನು ಆ ಕಂಬಗಳ ಹಿಂದೆ ಅಡಗಿಕೊಂಡೇ ಇದ್ದೆ ಎಂಬುದು ಕೆಂಪು ಶಾಯಿ ನೋಡಿದ ಮೇಲೆ ತಿಳಿಯಿತು.

ಮಲಿಕ್ ಕರೀಮುದ್ದೀನ್ ಇದನ್ನು ಕಟ್ಟಿಸಿದ್ದು 1320ರಲ್ಲಿ. ಅಲ್ಲಿನ ನಾಗರಿ ಲಿಪಿಯ ಶಾಸನದಲ್ಲಿ, ಮಸೀದಿಯನ್ನು ಕಟ್ಟಿದ ರೇವಯ್ಯನೆಂಬ ಬಡಗಿಯ ಹೆಸರೂ ಇದೆ. ಕಂಬಗಳ ಮೇಲೆ ಮಸೀದಿಗಿಂತ ಹಳೆಯ ಬರಹಗಳೂ ಇವೆ. ಹೆನ್ರಿ ಕಸಿನ್ಸ್ ಬಿಜಾಪುರದ ಕಟ್ಟಡಗಳ ಮೇಲೆ 1916ರಲ್ಲಿ ತಂದ ದೊಡ್ಡ ಪುಸ್ತಕ ಈಗ ಮೊಬೈಲಿನಲ್ಲೇ ಓದಲು ಸಿಗುತ್ತದೆ. (ರೈಸ್ ಸಾಹೇಬರ ಎಪಿಗ್ರಾಫಿಯಾ ಕರ್ನಾಟಿಕಾ ಕೂಡ ಸಿಗುತ್ತದೆ, ಆದರೆ ಅದು ಹಳೆಯ ಮೈಸೂರಿನದು, ನಮ್ಮ ಜಿಲ್ಲೆ ಅದರಲ್ಲಿಲ್ಲ.) ನನ್ನ ಬಳಿ ಸಾಮಗ್ರಿಗೆ ಕೊರತೆ ಇರಲಿಲ್ಲ. ನಾನು ಬರೆದದ್ದು ಹೀಗೆ: ಗುಡಿಗಳು ಕಾಲವಶದಿಂದ ಬಿದ್ದಿರಬಹುದು. ಬಿದ್ದ ಕಂಬಗಳನ್ನು ಅನುಕೂಲಕ್ಕಾಗಿ ಬಳಸಿರಬಹುದು. ರೇವಯ್ಯ ಸಂತೋಷದಿಂದಲೇ ಕೆಲಸಕ್ಕೆ ಬಂದಿರಬಹುದು. ಊರವರು ಸಹಕರಿಸಿರಬಹುದು.

ನನ್ನ ಪರವಾಗಿ ಸನ್ನತಿಯನ್ನೂ ಸಾಕ್ಷಿಗೆ ಕರೆದಿದ್ದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿ 1986ರಲ್ಲಿ ಕುಸಿದು ಮೂರ್ತಿ ಒಡೆಯಿತು. ಆಗ ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ಮೇಲೆ ಅಕ್ಷರಗಳು ಕಂಡವು. ಓದಿದರೆ ಅಶೋಕನ ಶಾಸನ! ಮೂರ್ತಿಯನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ಕುಳಿ ಕಡಿದಿದ್ದರು. ಆ ಕಲ್ಲಿನಲ್ಲಿ ಉಳಿದ ಬರಹಗಳಲ್ಲಿ ಒಂದು ಅಶೋಕನ ಹನ್ನೆರಡನೆಯ ಶಾಸನದ ಭಾಗ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಪರರ ಪಂಥವನ್ನು ಹಳಿಯಬೇಡಿ, ನಾಲಗೆ ಬಿಗಿಹಿಡಿಯಿರಿ ಎಂಬ ಅರ್ಥದ್ದು ಅದು. ಅದನ್ನು ಕಡಿದವರಿಗೆ ಅಶೋಕನ ಮೇಲೆ ದ್ವೇಷವೇನೂ ಇರಲಿಲ್ಲ. ಆ ಲಿಪಿಯನ್ನು ಓದಬಲ್ಲವರು ಆ ಹೊತ್ತಿಗೆ ಉಳಿದಿರಲಿಲ್ಲ. ಒಳ್ಳೆಯ ಕಲ್ಲು ಬೇಕಿತ್ತು, ಸಿಕ್ಕಿತು. ನಮ್ಮ ಮಸೀದಿಯ ಕಂಬಗಳದ್ದೂ ಇದೇ ಕಥೆ ಇರಬಹುದು ಎಂದು ಬರೆದು ಜಾಣತನದಿಂದ ಪುಟ ತಿರುಗಿಸಿದ್ದೆ.

ಮುಂದಿನ ಭಾನುವಾರ ಕೇಂದ್ರದಲ್ಲಿ ತರಗತಿ ಇತ್ತು. ನಮಗೆ ಪಾಠ ಹೇಳುತ್ತಿದ್ದವರು ನಿವೃತ್ತ ಅಧ್ಯಾಪಕರು. ಹಾಳೆ ಹಿಡಿದು ಅವರೆದುರು ನಿಂತೆ.

‘ಸರ್, ಪುರಾವೆ ಸಾಲದ ಕಡೆ ಇರಬಹುದು ಅನ್ನಬೇಕು ಅಂತ ನೀವ ಹೇಳಿದ್ರಿ.’

‘ಹೌದ್ರಿ ತಂಗಿ, ಹೇಳೀನಿ. ಆದ್ರ ನಿಮ್ಮ ಅನುಮಾನ ಯಾವಾಗಲೂ ನಿಮಗ ಬೇಕಾದ ಕಡೇನ ಯಾಕ ನಡೀತದ? ಗುಡಿ ತಾನಾಗೇ ಬಿದ್ದಿರಬಹುದು ಅಂತ ಬರದೀರಿ. ಕೆಡವಿರಬಹುದು ಅಂತ ಒಂದ ಸಲಾನೂ ಬರದಿಲ್ಲ. 1318ರೊಳಗ ಏನಾತು ಅನ್ನೋದು ನಿಮಗ ಗೊತ್ತಿಲ್ಲೇನು?’

ಗೊತ್ತಿತ್ತು. ಪಾಠದಲ್ಲೇ ಇತ್ತು. ದೆಹಲಿಯ ಮುಬಾರಕ್ ಖಿಲ್ಜಿಯ ಸೈನ್ಯ ದೇವಗಿರಿಯ ಸೇವುಣ ರಾಜ್ಯವನ್ನು ಮುಗಿಸಿದ್ದು 1318ರ ಸುಮಾರಿಗೆ. ಮಸೀದಿ ಎದ್ದದ್ದು ಅದಾದ ಎರಡೇ ವರ್ಷಕ್ಕೆ, ಗೆದ್ದವರ ಅಧಿಕಾರಿಯಿಂದ. ಅದನ್ನು ನಾನು ಬರೆದಿರಲಿಲ್ಲ. ಸುಳ್ಳು ಬರೆದಿರಲಿಲ್ಲ, ಬಿಟ್ಟಿದ್ದೆ. ಸನ್ನತಿಯಲ್ಲಿ ಕಡಿದವರಿಗೂ ಕಡಿಸಿಕೊಂಡ ಕಲ್ಲಿಗೂ ನಡುವೆ ನೂರಾರು ವರ್ಷಗಳ ಮರೆವು ಇತ್ತು. ಇಲ್ಲಿ ಇದ್ದದ್ದು ಎರಡು ವರ್ಷ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೆ. ಇಷ್ಟರಿಂದ ಗುಡಿಯನ್ನು ಕೆಡವಿಯೇ ಕಂಬ ತಂದರು ಎಂದು ಸಿದ್ಧವಾಗುವುದಿಲ್ಲ, ನಿಜ. ಆದರೆ ತಕ್ಕಡಿ ಯಾವ ಕಡೆಗೆ ಬಾಗುತ್ತದೆ ಎಂಬುದು ತಿಳಿದೂ ನಾನು ಬೆರಳಿಟ್ಟು ಅದನ್ನು ಎತ್ತಿ ಹಿಡಿದಿದ್ದೆ.

ನನ್ನ ಮುಖ ನೋಡಿ ಅವರಿಗೆ ಪಾಪವೆನಿಸಿರಬೇಕು. ‘ನಾಚಬ್ಯಾಡ್ರಿ’ ಎಂದರು. ‘ಬಿಜ್ಜಳನ ಕೊಲಿ ವಿಚಾರ ಬಂದಾಗ ನನ್ನ ಪೆನ್ನಿನ್ಯಾಗೂ ಇಂಥಾ ಇರಬಹುದು ಬಾಳ ಬರ್ತಿದ್ವು. ಶರಣರು ಮಾಡಿರಲಿಕ್ಕಿಲ್ಲ, ಮಾಡಿರಲಿಕ್ಕಿಲ್ಲ ಅಂತ. ನಮ್ಮ ಗುರುಗಳು ಹಿಂಗ ಕೆಂಪು ಮಾಡಿ ಒಗದಿದ್ರು.’

ಇಬ್ನ್ ಖಲ್ದೂನರ ಮುಖದ್ದಿಮಾದ ಉರ್ದು ಅನುವಾದ ನಮ್ಮ ಅಬ್ಬಾರ ಕಪಾಟಿನಲ್ಲಿತ್ತು. ಅದನ್ನು ಈ ಸಲ ಹೊಸದಾಗಿ ಓದಿದೆ. 1377ರಲ್ಲಿ ಆತ ಅದನ್ನು ಬರೆದದ್ದು ರಾಜಕೀಯದಿಂದ ಬೇಸತ್ತು ಇಂದಿನ ಅಲ್ಜೀರಿಯಾದ ಒಂದು ಕೋಟೆಯಲ್ಲಿ ಸಂಸಾರ ಸಮೇತ ಏಕಾಂತವಾಗಿದ್ದಾಗ. ಒಂದು ಬಗೆಯಲ್ಲಿ ಅವರೂ ಮನೆಯಲ್ಲಿ ಕುಳಿತೇ ಬರೆದವರು. ಮುಂದೆ ಪುಸ್ತಕಗಳನ್ನು ನೋಡಿ ಸರಿಪಡಿಸಿಕೊಳ್ಳಲು ಟ್ಯೂನಿಸಿಗೆ ಹೋಗಬೇಕಾಯಿತು. ಇತಿಹಾಸದಲ್ಲಿ ಸುಳ್ಳು ಹೊಗುವುದು ಏಕೆ ಎಂದು ಕಾರಣಗಳನ್ನು ಎಣಿಸುವಾಗ ಅವರು ಮೊದಲು ಹೇಳುವುದು ಪಕ್ಷಪಾತವನ್ನು. ತನ್ನ ಪಂಥಕ್ಕೆ, ತನ್ನ ಅಭಿಪ್ರಾಯಕ್ಕೆ ಒಪ್ಪುವ ವರದಿಯನ್ನು ಮನಸ್ಸು ಕೇಳಿದ ಕೂಡಲೇ ನುಂಗಿಬಿಡುತ್ತದೆ, ಪರೀಕ್ಷಿಸುವ ಕಣ್ಣಿಗೆ ಪರದೆ ಬೀಳುತ್ತದೆ ಎಂಬುದು ಅವರ ಮಾತಿನ ಸಾರ. ಮೂಸಾ ಅಲೈಹಿಸ್ಸಲಾಮರ ಜೊತೆ ಆರು ಲಕ್ಷ ಸೈನಿಕರಿದ್ದರೆಂಬ ಹಳೆಯ ಲೆಕ್ಕವನ್ನೇ ಅವರು ಒಪ್ಪಲಿಲ್ಲ. ಅಷ್ಟು ಜನ ನಿಲ್ಲಲು ಜಾಗ ಬೇಕು, ಒಂದು ತುದಿಯಲ್ಲಿ ನಡೆದದ್ದು ಇನ್ನೊಂದು ತುದಿಗೆ ತಿಳಿಯುವುದು ಹೇಗೆ ಎಂದು ಕೇಳಿದರು. ಪೈಗಂಬರರ ಮೇಲಿನ ಗೌರವಕ್ಕೂ ಸೈನಿಕರ 
ಲೆಕ್ಕಕ್ಕೂ ಅವರು ಗಂಟು ಹಾಕಲಿಲ್ಲ. ಆರೂವರೆ ಶತಮಾನ ಕಳೆದ ಮೇಲೆ ನಾನು ನಾಲ್ಕು ಕಂಬಗಳ ಮುಂದೆ ನಡುಗುತ್ತಿದ್ದೆ.

ನಡುಗಲು ಕಾರಣ ಇಲ್ಲವೆಂದಲ್ಲ. ನನ್ನ ಗೆಳತಿಯೊಬ್ಬಳು, ಶಾಲೆಯಲ್ಲಿ ಕಲಿಸುವವಳು, ನೇರವಾಗಿಯೇ ಕೇಳಿದಳು: ‘ಈಗಿನ ಕಾಲದಲ್ಲಿ ಇದನ್ನು ನಾವೇ ಬರೆದುಕೊಟ್ಟರೆ ಅದನ್ನು ಯಾರು ಯಾವುದಕ್ಕೆ ಬಳಸುತ್ತಾರೆ ಎಂದು ನಿನಗೆ ಗೊತ್ತಿಲ್ಲವೇ ಆಪಾ?’ ಇದು ಹಗುರವಾದ ಪ್ರಶ್ನೆಯಲ್ಲ. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಬಿದ್ದಾಗ ನಾನು ಶಾಲೆಯ ಹುಡುಗಿ. ನಮ್ಮ ಓಣಿಯ ಬಾಗಿಲುಗಳು ಹಗಲಲ್ಲೇ ಮುಚ್ಚಿದ್ದು ನೆನಪಿದೆ. ಕಲ್ಲು ಬರೀ ಕಲ್ಲಾಗಿ ಉಳಿದಿಲ್ಲ. ಆದರೂ ನನಗೆ ಅನಿಸುವುದು ಇಷ್ಟು. 1320ರಲ್ಲಿ ಏನಾಯಿತು ಎಂಬುದು ಒಂದು ಪ್ರಶ್ನೆ. ಇಂದು ನಾವು ಹೇಗೆ ಬಾಳಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಲ್ಲು, ಶಾಸನ, ಪುಸ್ತಕ ಉತ್ತರ ಹೇಳುತ್ತವೆ. ಎರಡನೆಯದಕ್ಕೆ ನಾವೇ ಹೇಳಬೇಕು. ಅದಕ್ಕೆ ಸಂವಿಧಾನವಿದೆ, 1947ರ ಆಗಸ್ಟ್ 15ರಂದು ಇದ್ದ ಪೂಜಾಸ್ಥಳಗಳ ಸ್ವರೂಪವನ್ನು ಬದಲಿಸಬಾರದೆನ್ನುವ 1991ರ ಕಾಯ್ದೆ ಬಂತು, ಎಲ್ಲಕ್ಕಿಂತ ಮುಖ್ಯವಾಗಿ ನೆರೆಹೊರೆ ಇದೆ. ಗತಕಾಲದ ತಪ್ಪಿಗೆ ಇಂದು ಸೇಡು ತೀರಿಸಬೇಕೆನ್ನುವವರು ಈ ಎರಡನ್ನೂ ಒಂದು ಮಾಡುತ್ತಾರೆ. ಅವರಿಗೆ ಹೆದರಿ ಗತಕಾಲದ ತಪ್ಪನ್ನೇ ಇಲ್ಲವೆನ್ನುವ ನಾನೂ ಎರಡನ್ನೂ ಒಂದು ಮಾಡುತ್ತಿದ್ದೇನೆ. ತಪ್ಪು ನಡೆದಿದ್ದರೆ ಸೇಡು ನ್ಯಾಯ ಎಂಬ ಅವರ ಮಾತನ್ನು ಒಳಗೇ ಒಪ್ಪಿಕೊಂಡಿದ್ದರಿಂದಲ್ಲವೇ ತಪ್ಪನ್ನು ಮುಚ್ಚಲು ನನಗೆ ಅಷ್ಟು ಅವಸರ? ಗೆಳತಿ ಒಪ್ಪಲಿಲ್ಲ. ‘ನೀನು ಪತ್ರಿಕೆಯಲ್ಲಿ ಬರೆಯುವವಳು, ನಾನು ತರಗತಿಯಲ್ಲಿ ಮಕ್ಕಳ ಮುಂದೆ ನಿಲ್ಲುವವಳು’ ಎಂದಳು. ಅವಳ ಮಾತಿನಲ್ಲೂ ತೂಕವಿದೆ.

ಆ ಅಧ್ಯಾಪಕರು ರಿಚರ್ಡ್ ಈಟನ್ ಎಂಬ ವಿದ್ವಾಂಸನ 2000ದ ಒಂದು ಪ್ರಬಂಧವನ್ನು ಓದಲು ಕೊಟ್ಟಿದ್ದರು. ದೇಗುಲಗಳನ್ನು ಕೆಡವಿದ್ದಕ್ಕೆ ಗಟ್ಟಿ ಪುರಾವೆ ಇರುವ ಎಂಬತ್ತು ಪ್ರಸಂಗಗಳನ್ನು ಆತ ಪಟ್ಟಿ ಮಾಡಿದ್ದಾನೆ. ಸಾವಿರಗಟ್ಟಲೆ ಎನ್ನುವವರಿಗೆ ಆ ಪಟ್ಟಿ ಸಾಲದು, ಒಂದೂ ಇಲ್ಲ ಎನ್ನುವವರಿಗೆ ಅದು ಬೇಡ. ಅದೇ ಪ್ರಬಂಧದಲ್ಲಿ ನಮ್ಮ ಬಸವಕಲ್ಯಾಣದ 1326ರ ಸಂಸ್ಕೃತ ಶಾಸನವೂ ಬರುತ್ತದೆ. ಅಲ್ಲಿನ ಗಲಭೆಯಲ್ಲಿ ಶಿವಾಲಯಕ್ಕೆ ಧಕ್ಕೆಯಾಗಿ ಪೂಜೆ ನಿಂತಿತ್ತು. ಮುಹಮ್ಮದ್ ಬಿನ್ ತುಘಲಕನ ಮುಸ್ಲಿಂ ಅಧಿಕಾರಿಗಳು ಅದನ್ನು ದುರಸ್ತಿ ಮಾಡಿಸಿ ಪೂಜೆ ಮತ್ತೆ ನಡೆಯುವಂತೆ ಮಾಡಿದರು. ನಮ್ಮ ಮಸೀದಿ ಎದ್ದ ಆರೇ ವರ್ಷಕ್ಕೆ ಇದು ನಡೆದದ್ದು. ಇದನ್ನು ಓದಿದ ಕೂಡಲೇ ನಾನು ಪೆನ್ಸಿಲ್ಲಿನಿಂದ ದುರಸ್ತಿಯ ಸಾಲಿಗೆ ಮಾತ್ರ ಗೆರೆ ಎಳೆದೆ. ಎಳೆದ ಮೇಲೆ ಕೈ ನಿಂತಿತು. ಇನ್ನೊಂದು ಮನೆಯಲ್ಲಿ, ನನ್ನಂತೆಯೇ ದೂರಶಿಕ್ಷಣದಲ್ಲಿ ಓದುವ ಇನ್ನೊಬ್ಬರು, ಧಕ್ಕೆಯ ಸಾಲಿಗೆ ಮಾತ್ರ ಗೆರೆ ಎಳೆಯುತ್ತಿರುತ್ತಾರೆ. ಕಲ್ಲಿನಲ್ಲಿ ಎರಡೂ ಒಟ್ಟಿಗೇ ಇವೆ.

ಅಸೈನ್‌ಮೆಂಟನ್ನು ಮತ್ತೆ ಬರೆದೆ. ಅಂಕಕ್ಕಾಗಿ ಅಲ್ಲ, ಅದು ಬಂದಾಗಿತ್ತು. ಹೆಚ್ಚು ಕಷ್ಟವಾದದ್ದು ಖಿಲ್ಜಿಯಲ್ಲ, ರೇವಯ್ಯ. ಅವನು ಸಂತೋಷದಿಂದ ಬಂದನೋ, ಹೊಟ್ಟೆಪಾಡಿಗೆ ಬಂದನೋ, ಹೆದರಿ ಬಂದನೋ? ತನ್ನ ಅಜ್ಜನೇ ಕೆತ್ತಿದ ಕಂಬವೊಂದನ್ನು ಅಲ್ಲಿ ಗುರುತಿಸಿದನೋ? ಕಥೆಗಾರ್ತಿಯಾಗಿ ಅವನ ಬಾಯಿಂದ ನಾನು ಏನು ಬೇಕಾದರೂ ಆಡಿಸಬಲ್ಲೆ. ಶಾಸನದಲ್ಲಿ ಅವನ ಹೆಸರಿದೆ, ಮನಸ್ಸಿಲ್ಲ. ಹಿಂದಿನ ಸಲ ಅವನನ್ನು ಸೌಹಾರ್ದದ ಗುರಾಣಿಯಾಗಿ ಹಿಡಿದಿದ್ದೆ. ಈ ಸಲ ‘ರೇವಯ್ಯನೆಂಬ ಬಡಗಿ ಕಟ್ಟಿದ’ ಎಂದಷ್ಟೇ ಬರೆದು ಬಿಟ್ಟೆ. ಏಳುನೂರು ವರ್ಷದಿಂದ ಸುಮ್ಮನಿರುವವನನ್ನು ನನ್ನ ಕಡೆಯ ಸಾಕ್ಷಿಯಾಗಿ ಎಳೆಯಲು ನನಗೇನು ಹಕ್ಕು?

ಇಷ್ಟರಲ್ಲಿ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಕಲ್ಲಿನ ಮುಂದೆ ಸತ್ಯವಂತಳಾಗುವುದು ಅಂಥ ಕಷ್ಟವೇನಲ್ಲ ಎಂದು ಆಮೇಲೆ ಗೊತ್ತಾಯಿತು.

ನಮ್ಮ ತವರಿನಲ್ಲಿ ಹಿಂದಿನಿಂದ ಒಂದು ಮಾತಿದೆ. ನಮ್ಮ ಹಿರಿಯರು ಆದಿಲಶಾಹಿ ಕಾಲದಲ್ಲಿ ಇರಾನಿನಿಂದ ಬಂದವರು, ದರಬಾರಿನಲ್ಲಿ ಇದ್ದವರು ಎಂದು. ಮದುವೆ ಮಾತುಕತೆಗಳಲ್ಲಿ ಈ ಮಾತು ಚಹಾದ ಜೊತೆ ಬರುತ್ತದೆ. ಕುಟುಂಬದ ಕಾಗದಪತ್ರಗಳನ್ನು ಆಧಾರವಾಗಿ ಬಳಸುವುದು ಹೇಗೆ ಎಂಬ ಪಾಠ ಓದಿದ ಮೇಲೆ ಅಣ್ಣನ ಮನೆಯ ತಗಡಿನ ಪೆಟ್ಟಿಗೆ ತೆರೆದೆ. ಅಡಿಯಲ್ಲಿ 1912ರ ಒಂದು ಖರೀದಿ ಪತ್ರ ಇತ್ತು. ನಮ್ಮ ಮುತ್ತಜ್ಜ ಈ ಮನೆಯ ಜಾಗ ಕೊಂಡದ್ದು. ಸ್ಟಾಂಪ್ ಕಾಗದದ ಮೇಲೆ ದುಂಡಗಿನ ಕನ್ನಡ ಅಕ್ಷರ. ಹೆಸರು, ವಯಸ್ಸು, ಆಮೇಲೆ ಧಂದೆ ಎಂಬಲ್ಲಿ ‘ಹತ್ತಿ ಹಿಂಜುವುದು’ ಎಂದಿತ್ತು. ಹೆಸರಿನ ಹಿಂದೆ ಪಿಂಜಾರ ಎಂದಿತ್ತು. ಇರಾನಿನ ಸುದ್ದಿ ಎಲ್ಲಿಯೂ ಇರಲಿಲ್ಲ.

ಆಗ ನನ್ನೊಳಗೆ ಎದ್ದ ಮೊದಲ ಮಾತು ಯಾವುದೆಂದು ಊಹಿಸಬಲ್ಲಿರಿ. ಇರಾನಿನಿಂದ ಬಂದವರು ಕಷ್ಟಕಾಲದಲ್ಲಿ ಈ ಕಸುಬು ಹಿಡಿದಿರಬಹುದು. ಬರೆದ ಗುಮಾಸ್ತನದೇ ತಪ್ಪು ಇರಬಹುದು. ಕೆಂಪು ಶಾಯಿ ಕಣ್ಣಮುಂದೆ ಬಂದು ಪೆಟ್ಟಿಗೆಯ ಮುಂದೆ ಒಬ್ಬಳೇ ನಕ್ಕೆ. ಎಲ್ಲ ಮನುಷ್ಯರೂ ಬಾಚಣಿಗೆಯ ಹಲ್ಲುಗಳಂತೆ ಸಮಾನರು ಎಂದು ಸಭೆಗಳಲ್ಲಿ ಭಾಷಣ ಮಾಡುವ ನಮ್ಮಲ್ಲಿ, ಪಿಂಜಾರರ ಮನೆಯ ಸಂಬಂಧ ಎಂದರೆ ಇನ್ನೂ ಎಷ್ಟು ಮುಖಗಳು ಸಣ್ಣಗಾಗುತ್ತವೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಿಲ್ಲ.

ಕಾಗದವನ್ನು ಫೂಫಿಗೆ ತೋರಿಸಿದೆ. ನಮ್ಮ ಅಬ್ಬಾರ ಅಕ್ಕ. ಎಂಬತ್ತು ದಾಟಿದವರು, ನಮ್ಮ ಮನೆತನದಲ್ಲಿ ಉಳಿದಿದ್ದ ಕೊನೆಯ ಹಿರಿಯರು. ಅವರಿಗೆ ಕನ್ನಡ ಓದಲು ಬಾರದು. ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ‘ಅದನ್ನು ಮಡಚಿ ಒಳಗಿಡು ಬೇಟಿ’ ಎಂದರು. ಅವರ ಮೊಮ್ಮಗಳ ನಿಕಾಹ್ ಮಾತು ಆಗ ನಡೆಯುತ್ತಿತ್ತು. ಗಂಡಿನವರು ಖಾನದಾನು ಕೇಳುವ ಪೈಕಿ. ‘ನೀನು ಪರೀಕ್ಷೆಯಲ್ಲಿ ಬರೆದು ಪಾಸಾಗುತ್ತೀ. ಆ ಹುಡುಗಿ ಏನು ಮಾಡಬೇಕು?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಏಳುನೂರು ವರ್ಷದ ಹಿಂದಿನ ಮಸೀದಿಯ ಬಗ್ಗೆ ಸತ್ಯ ಹೇಳಿದಾಗ ಅದರ ಬೆಲೆ ತೆರುವವರು ಯಾರೆಂದು ಮುಖ ಕಂಡಿರಲಿಲ್ಲ. ಈಗ ಕಂಡಿತು, ಹತ್ತೊಂಬತ್ತು ವರ್ಷದ ಮುಖ. ಗೆಳತಿಯ ಮಾತಿನ ತೂಕ ನನಗೆ ಸರಿಯಾಗಿ ತಿಳಿದದ್ದು ಅಂದು. ಕಾಗದ ಮಡಚಿ ಒಳಗಿಟ್ಟೆ. ಅದನ್ನು ಯಾವ ಅಸೈನ್‌ಮೆಂಟಿನಲ್ಲೂ ಬರೆಯಲಿಲ್ಲ.

ಇಂದು ಬರೆಯುತ್ತಿರುವುದು ಏಕೆಂದರೆ ಆ ನಿಕಾಹ್ ನಡೆಯಲಿಲ್ಲ, ನಿಂತದ್ದು ಖಾನದಾನಿನಿಂದಲ್ಲ, ವರದಕ್ಷಿಣೆಯಿಂದ. ಹುಡುಗಿ ಈಗ ನರ್ಸಿಂಗ್ ಓದಿ ಕೆಲಸದಲ್ಲಿದ್ದಾಳೆ. ಈ ಬರಹವನ್ನು ಮೊದಲು ಅವಳಿಗೇ ಓದಲು ಕೊಟ್ಟೆ. ‘ಹಾಕಿ ಆಪಾ’ ಎಂದಳು. ಫೂಫಿ ಈಗಿಲ್ಲ.

ತೀರಿಕೊಳ್ಳುವ ಹಿಂದಿನ ಚಳಿಗಾಲ ಅವರ ಹಾಸಿಗೆಯ ಪಕ್ಕ ಕುಳಿತಿದ್ದೆ. ಹೊಸ ರಜಾಯಿ ತಂದಿದ್ದೆ, ಅಂಗಡಿಯದು. ಅದನ್ನು ಬೆರಳಲ್ಲಿ ಒತ್ತಿ ನೋಡಿ, ‘ಹತ್ತಿ ಸರಿಯಾಗಿ ಬಿಡಿಸಿಲ್ಲ, ಗಂಟು ಗಂಟು’ ಎಂದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ನಿದ್ದೆ ಹೋದರೆಂದುಕೊಂಡೆ. ಆಮೇಲೆ ಕಣ್ಣು ತೆರೆಯದೆಯೇ ಹೇಳಿದರು: ‘ದಾದಾ ಹಿಂಜುತ್ತಿದ್ದರೆ ಇಡೀ ಮನೆ ಬೆಳ್ಳಗೆ. ನಮ್ಮ ಜಡೆಯಲ್ಲೂ ಹತ್ತಿ. ಆ ಕಮಾನಿನ ಸಪ್ಪಳ ಕೇಳಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ.’ ಎಂಥ ಸಪ್ಪಳ ಎಂದು ಕೇಳಿದೆ. ರಜಾಯಿಯ ಒಳಗಿನಿಂದ ಒಂದು ಕೈ ಹೊರಗೆ ತೆಗೆದು, ಇಲ್ಲದ ದಾರವನ್ನು ಎಳೆದು ಬಿಟ್ಟು, ಬೊಚ್ಚು ಬಾಯಿಯಲ್ಲಿ ಮೆಲ್ಲಗೆ ‘ಟುಂಯ್, ಟುಂಯ್’ ಎಂದರು.